ಕಾಣದ ಕೆಲಸದ ಕೂಲಿ

ಕರಾವಳಿಯಲ್ಲಿ ಮಳೆಗಾಲ ಮುಗಿದ ಬಳಿಕ ಮನೆಯ ಹೊರಬದಿಯ ಮರದ ಕಿಟಕಿಗಳನ್ನು ಹತ್ತಿರದಿಂದ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮುಖವೊಡ್ಡಿ ನಿಂತ ಅವುಗಳ ಬಣ್ಣ ಗುಳ್ಳೆ ಎದ್ದಿರುತ್ತದೆ, ಸಿಪ್ಪೆಯಂತೆ ಸುಲಿದಿರುತ್ತದೆ. ಕಳೆದ ವರ್ಷವಷ್ಟೇ ಬಳಿಸಿದ್ದಲ್ಲವೇ ಎಂದು ನಾವು ಪೈಂಟರನ್ನು ಬೈಯುತ್ತೇವೆ. ನಮ್ಮನ್ನು ನಾವು ಬೈದುಕೊಳ್ಳುವುದು ಅಪರೂಪ.

ಕಸುಬು ಬಲ್ಲವರನ್ನು ಕೇಳಿದರೆ, ಬಾಳಿಕೆ ಇರುವುದು ಬಣ್ಣದ ಅಡಿಯ ಕೆಲಸದಲ್ಲಿ ಎನ್ನುತ್ತಾರೆ. ಮೊದಲು ಮರ ಒಣಗಬೇಕು. ಒಳಗೆ ತೇವ ಉಳಿದರೆ ಬಿಸಿಲಿಗೆ ಅದು ಹೊರಬರುವಾಗ ಬಣ್ಣವನ್ನೇ ಎತ್ತುತ್ತದೆ. ಸಡಿಲವಾದ ಹಳೆ ಬಣ್ಣವನ್ನು ಕೆರೆಯಬೇಕು. ಗಟ್ಟಿಯಾಗಿ ಕೂತದ್ದನ್ನು ಉಜ್ಜಿ ಹೊಳಪು ಕಳೆಯಬೇಕು. ನುಣುಪಿನ ಮೇಲೆ ಹೊಸ ಬಣ್ಣಕ್ಕೆ ಹಿಡಿತವಿಲ್ಲ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಬೇಕು. ಬರಿಮರಕ್ಕೆ ಮೊದಲು ಪ್ರೈಮರ್, ಆಮೇಲೆ ಪುಟ್ಟಿ. ಕ್ರಮ ತಪ್ಪಿದರೆ ಮರವು ಪುಟ್ಟಿಯ ಎಣ್ಣೆಯನ್ನು ಹೀರಿ, ಪುಟ್ಟಿ ಪುಡಿಯಾಗಿ ಉದುರುತ್ತದೆ. ಕಿಟಕಿ ಬಾಗಿಲಿನ ಕೆಳಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮರ ಹೆಚ್ಚು ನೀರು ಕುಡಿಯುವುದು ಅಲ್ಲಿನ ಕೊಯ್ದ ತುದಿಗಳಿಂದಲೇ.

ಇದನ್ನೆಲ್ಲ ಮಾಡಿದರೂ ಬಿಟ್ಟರೂ ಕೆಲಸ ಮುಗಿದ ದಿನ ಕಿಟಕಿ ಹೊಳೆಯುತ್ತದೆ. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲೇ. ಯಾರೂ ನೋಡದ ಕೆಲಸವನ್ನು ಸರಿಯಾಗಿ ಮಾಡುವ ಹೊಣೆ ಯಾರದು? ಕೆಲಸಗಾರನದು ಎನ್ನುವುದು ಸುಲಭ. ಆದರೆ ಮದುವೆಗೆ ನಾಲ್ಕು ದಿನವಿರುವಾಗ ಅವನನ್ನು ಕರೆದವರು ನಾವು. ಬಣ್ಣದ ಡಬ್ಬಿಗೆ ಕೇಳಿದಷ್ಟು ಕೊಟ್ಟು, ಉಜ್ಜುವ ದಿನದ ಕೂಲಿಗೆ ಚೌಕಾಶಿ ಮಾಡಿದವರೂ ನಾವೇ. ‘ಎರಡು ದಿನದಿಂದ ಉಜ್ಜುತ್ತಲೇ ಇದ್ದಾನೆ, ಬಣ್ಣ ಮುಟ್ಟಿಯೇ ಇಲ್ಲ’ ಎಂದು ಗೊಣಗಿದವರೂ ನಾವೇ. ಕಾಣದ ಕೆಲಸಕ್ಕೆ ಕೂಲಿ ಕೊಡದ ನಮಗೆ ಅದರಲ್ಲಿ ಪ್ರಾಮಾಣಿಕತೆಯನ್ನು ಕೇಳುವ ಹಕ್ಕು ಎಷ್ಟಿದೆ?

ಹಾಗೆಂದು ಕೆಲಸಗಾರನ ಹೊಣೆ ತಪ್ಪುವುದಿಲ್ಲ. ಇಷ್ಟು ದಿನದಲ್ಲಿ, ಇಷ್ಟು ಹಣದಲ್ಲಿ ಇಷ್ಟೇ ಸಾಧ್ಯ ಎಂದು ಅವನು ಮೊದಲೇ ಹೇಳಬಹುದು. ಒದ್ದೆ ಮರಕ್ಕೆ ಬಣ್ಣ ಬಳಿದು ಸುಮ್ಮನಿರುವುದು ಬಾಯಿ ಬಿಡದೆ ಹೇಳಿದ ಸುಳ್ಳು. ಕೆಲಸ ಕೈತಪ್ಪುವ ಭಯ ಆ ಸುಳ್ಳಿಗೆ ಕಾರಣ ಇರಬಹುದು. ಆ ಭಯದಲ್ಲಿ ನಮ್ಮ ಪಾಲೂ ಇದೆ.

ಕಾಣದ ಇನ್ನೊಂದು ಸಂಗತಿ ಧೂಳು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಪದರಗಳಲ್ಲಿ ಅದಕ್ಕಿಂತ ಹೆಚ್ಚು ಇರಬಹುದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಆದ್ದರಿಂದ ನೀರು ತಾಗಿಸಿ ಉಜ್ಜಬೇಕು, ಆಮೇಲೆ ಚೆನ್ನಾಗಿ ಒಣಗಲು ಬಿಡಬೇಕು. ಉಜ್ಜುವವನಿಗೆ ಸರಿಯಾದ ಮಾಸ್ಕ್ ಕೊಡಬೇಕು, ಮಕ್ಕಳನ್ನು ದೂರವಿಡಬೇಕು. ಇಲ್ಲಿ ಉಳಿಸಿದ ಹಣವನ್ನು ಬೇರೆ ಯಾರೋ ತಮ್ಮ ಆರೋಗ್ಯದಿಂದ ತೆರುತ್ತಾರೆ.

ಮುಂದಿನ ಸಲ ದರ ಮಾತಾಡುವಾಗ ಕೆರೆದು ಉಜ್ಜುವ ದಿನಗಳನ್ನು ಬೇರೆಯಾಗಿಯೇ ಎಣಿಸಿ ಕೂಲಿ ನಿಗದಿ ಮಾಡೋಣ. ಕೆಳಅಂಚಿಗೆ ಪ್ರೈಮರ್ ತಾಗಿದೆಯೇ ಎಂದು ಒಮ್ಮೆ ಬಗ್ಗಿ ನೋಡೋಣ. ಅವನನ್ನು ಅನುಮಾನಿಸಲಿಕ್ಕಲ್ಲ, ಅವನ ಕೆಲಸವನ್ನು ಮನೆಯವರಲ್ಲಿ ಒಬ್ಬರಾದರೂ ಕಂಡಿದ್ದಾರೆ ಎಂದು ಅವನಿಗೆ ತಿಳಿಯಲಿಕ್ಕೆ.