ಹಳೆಯ ಗ್ಲೈಡರೂ ಗುರುಧರ್ಮವೂ

ಶಿಷ್ಯನು ತಪ್ಪದಂತೆ ಕಾಯುವವನು ಉತ್ತಮ ಗುರುವೋ, ತಪ್ಪನ್ನು ತಪ್ಪೆಂದು ಕಾಣಿಸಿ ತಿದ್ದಿಕೊಳ್ಳಲು ಎಡೆಗೊಡುವವನು ಉತ್ತಮ ಗುರುವೋ? ಈ ಪ್ರಶ್ನೆಯು ಪಾಠಶಾಲೆಗೂ ಮನೆಗೂ ಸಮಾನವಾದುದು. ಮಕ್ಕಳನ್ನು ಬೆಳೆಸುವವರು ದಿನಕ್ಕೆ ಹತ್ತು ಬಾರಿ ಇದಕ್ಕೆ ಒಂದಲ್ಲ ಒಂದು ಉತ್ತರವನ್ನು ಕೊಡುತ್ತಲೇ ಇರುತ್ತಾರೆ. ಆದರೆ ಅದನ್ನು ಪ್ರಶ್ನೆಯೆಂದು ಎದುರಿಗಿಟ್ಟುಕೊಂಡು ವಿಚಾರಿಸುವುದು ವಿರಳ. ವಿಚಾರಿಸದೆ ಗತ್ಯಂತರವಿಲ್ಲದ ಒಂದು ಸ್ಥಳವುಂಟು. ಅದು ಗ್ಲೈಡರು ಹಾರಿಸುವುದನ್ನು ಕಲಿಸುವ ಸಂಘಗಳ ಮೈದಾನ. ಅಲ್ಲಿ ಕೊಟ್ಟ ಉತ್ತರವು ತಪ್ಪಾದರೆ ಪ್ರಾಣವನ್ನೇ ತೆರಬೇಕಾದೀತು.

ಗ್ಲೈಡರೆಂದರೆ ಎಂಜಿನಿಲ್ಲದ ವಿಮಾನ. ನೆಲದ ಮೇಲಿನ ಯಂತ್ರವೊಂದು ಹಗ್ಗದಿಂದ ಅದನ್ನು ಕೆಲವು ನೂರು ಮೀಟರು ಎತ್ತರಕ್ಕೆ ಸೆಳೆದು ಬಿಡುತ್ತದೆ. ಅಲ್ಲಿಂದ ಅದು ತನ್ನ ಭಾರದಿಂದಲೇ ಮುಂದಕ್ಕೆ ಜಾರುತ್ತ ಇಳಿಯುತ್ತದೆ. ಬಿಸಿಲಿಗೆ ಕಾದ ನೆಲದಿಂದೇಳುವ ಗಾಳಿ ಒದಗಿದರೆ ಹದ್ದಿನಂತೆ ಸುತ್ತುತ್ತ ಮೇಲಕ್ಕೇರುತ್ತದೆ. ಈ ವಿದ್ಯೆಯ ಆದಿಪುರುಷರಲ್ಲೊಬ್ಬನಾದ ಜರ್ಮನಿಯ ಓಟೋ ಲಿಲಿಯೆನ್‌ಟಾಲನಿಗೆ ಗುರುವೇ ಇರಲಿಲ್ಲ. ಗುಡ್ಡದ ನೆತ್ತಿಯಿಂದ ಸುಮಾರು 2000 ಬಾರಿ ಹಾರಿದ ಆತನು 1896ರ ಆಗಸ್ಟಿನಲ್ಲಿ ಬಿದ್ದು ಮೃತನಾದನು. ಮೊದಲನೆಯ ಮಹಾಯುದ್ಧದ ತರುವಾಯ, 1920ರಿಂದ, ರೋನ್ ಪ್ರಾಂತದ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ತರುಣರು ನೆರೆದು ಹಾರುವ ಸ್ಪರ್ಧೆಗಳನ್ನು ನಡೆಸತೊಡಗಿದರು. ಆಗ ಕಲಿಯುವವನು ಒಂದೇ ಆಸನದ ಗ್ಲೈಡರಿನಲ್ಲಿ ಒಂಟಿಯಾಗಿ ಕೂರುತ್ತಿದ್ದನು. ಗುರುವು ನೆಲದ ಮೇಲೆ ನಿಂತಿರುತ್ತಿದ್ದನು. ಗುರುಶಿಷ್ಯರು ಕೂಡಿ ಹಾರುವ ಎರಡು ಆಸನದ ಗ್ಲೈಡರುಗಳು ಶಿಕ್ಷಣದಲ್ಲಿ ಬಳಕೆಗೆ ಬಂದುದು ಬಳಿಕ.

ಅಂತಹವುಗಳಲ್ಲಿ ಹೆಸರಾದುದು ಎ.ಎಸ್.ಕೆ. 13. ಅದೇ ವಾಸರ್‌ಕುಪ್ಪೆಯ ಬಳಿಯ ಪೊಪೆನ್‌ಹೌಸೆನ್ ಊರಿನ ಶ್ಲೈಖರ್ ಕಾರ್ಖಾನೆಗಾಗಿ ರುಡಾಲ್ಫ್ ಕೈಸರನು ಇದನ್ನು ರಚಿಸಿದನು; ಮೊದಲು ಹಾರಿದುದು 1966ರಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 16 ಮೀಟರು. ರೆಕ್ಕೆ ಮರದ್ದು, ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು, ಅದಕ್ಕೆ ಬಟ್ಟೆಯ ಹೊದಿಕೆ. ಒಂದು ಮೀಟರು ಇಳಿಯುವಷ್ಟರಲ್ಲಿ ಸುಮಾರು 27 ಮೀಟರು ಮುಂದೆ ಸಾಗಬಲ್ಲುದು. ಅದೇ ಕೈಸರನು ಗಾಜುನಾರಿನಿಂದ ರಚಿಸಿದ ಎ.ಎಸ್.ಕೆ. 21 ಎಂಬುದು 1979ರಲ್ಲಿ ಬಂದಿತು. ಅದು ಅಷ್ಟೇ ಇಳಿತದಲ್ಲಿ ಸುಮಾರು 34 ಮೀಟರು ಸಾಗುತ್ತದೆ. ನಯವಾದುದು, ವೇಗವುಳ್ಳದ್ದು, ಸೌಮ್ಯವಾದುದು. ಹೀಗಿರಲಾಗಿ ಮರ ಬಟ್ಟೆಗಳ ಹಳೆಯದನ್ನು ಅನೇಕ ಸಂಘಗಳು ಇಂದಿಗೂ ಬಿಡದೆ ಇಟ್ಟುಕೊಂಡಿರುವುದೇಕೆ? ಬಡತನವೊಂದೇ ಕಾರಣವೇ? ಹಳೆಯದರ ಮೇಲಣ ಮೋಹವೇ?

ಇವೆರಡೂ ಇಲ್ಲವೆನ್ನಲಾಗದು. ಆದರೆ ಇವಕ್ಕಿಂತ ಆಳವಾದ ಕಾರಣವೊಂದುಂಟು. ತಿರುಗುವಾಗ ಕೈಗೋಲನ್ನು ಓರೆಮಾಡಿ ಕಾಲಿನ ಚುಕ್ಕಾಣಿಯನ್ನು ಮರೆತರೆ ಮೂಗು ಎದುರು ದಿಕ್ಕಿಗೆ ಸರಿಯುತ್ತದೆ. ಯಾವ ಗ್ಲೈಡರಿಗೂ ಈ ಸ್ವಭಾವವುಂಟು. ಹಳೆಯದರಲ್ಲಿ ಅದು ಮರೆಯಾಗುವುದಿಲ್ಲ. ಮುಂದಣ ಗಾಜಿನ ಮೇಲೆ ಅಂಟಿಸಿದ ಗೇಣುದ್ದದ ಉಣ್ಣೆಯ ಎಳೆ ಪಕ್ಕಕ್ಕೆ ವಾಲಿ ತಪ್ಪನ್ನು ಆ ಕ್ಷಣವೇ ಸಾರುತ್ತದೆ. ವೇಗವು ಕುಗ್ಗಿದರೆ ಗಾಳಿಯ ಸದ್ದು ಅಡಗುತ್ತದೆ, ಕೈಗೋಲು ಸಡಿಲವಾಗುತ್ತದೆ, ಒಡಲು ನಡುಗುತ್ತದೆ. ಆಗಲೂ ಎಚ್ಚರಗೊಳ್ಳದೆ ತಪ್ಪಿನ ಮೇಲೆ ತಪ್ಪು ಮಾಡಿದರೆ ಒಂದು ರೆಕ್ಕೆ ಕುಸಿದು, ಗ್ಲೈಡರು ಮೂಗು ಕೆಳಗಾಗಿ ಬುಗುರಿಯಂತೆ ಸುತ್ತುತ್ತ ಇಳಿಯುತ್ತದೆ. ಇದನ್ನು ಸ್ಪಿನ್ ಎನ್ನುತ್ತಾರೆ. ಎತ್ತರದಲ್ಲಿ ಇದು ಒಂದು ಪಾಠ: ಸುತ್ತಿಗೆ ವಿರುದ್ಧವಾಗಿ ಚುಕ್ಕಾಣಿಯನ್ನೊತ್ತಿ, ಕೈಗೋಲನ್ನು ಮುಂದಕ್ಕೆ ಸರಿಸಿ, ಸುತ್ತು ನಿಂತ ಮೇಲೆ ಮೆಲ್ಲನೆ ಮೇಲೆತ್ತಿದರೆ ತೀರಿತು. ನೆಲದ ಸಮೀಪದಲ್ಲಿ ಇದೇ ಮೃತ್ಯು.

ಹೊಸ ಗ್ಲೈಡರಾದರೋ ಸುಲಭವಾಗಿ ಸ್ಪಿನ್ನಿಗೆ ಇಳಿಯದು. ಆ ಪಾಠಕ್ಕೆಂದೇ ಅದರ ಬಾಲಕ್ಕೆ ತೂಕದ ಬಿಲ್ಲೆಗಳನ್ನು ಸೇರಿಸುವುದುಂಟು. ಇದು ಅದರ ದೋಷವಲ್ಲ, ಗುಣವೇ ಸರಿ. ಕಲಿಯುವವನನ್ನು ಅದು ಕಾಪಾಡುತ್ತದೆ. ಹೆತ್ತ ತಾಯಿಯನ್ನು ಕೇಳಿದರೆ ತನ್ನ ಮಗನಿಗೆ ಅದನ್ನೇ ಬೇಡಿಯಾಳು. ಮೇಲಾಗಿ ಶಿಷ್ಯನು ಮುಂದೆ ಹಾರಿಸಬೇಕಾದುದು ಗಾಜುನಾರಿನ ಗ್ಲೈಡರುಗಳನ್ನೇ ಆದುದರಿಂದ ಮೊದಲಿನಿಂದ ಅದರಲ್ಲಿಯೇ ಪಳಗಲಿ ಎಂಬ ವಾದವೂ ನಿರಾಧಾರವಾದುದಲ್ಲ. ಆದರೆ ಆ ಶಿಷ್ಯನು ಒಂದು ದಿನ ಇಷ್ಟು ಸೌಮ್ಯವಲ್ಲದ ಬೇರೊಂದು ಗ್ಲೈಡರನ್ನು ಏರುತ್ತಾನೆ. ಇಳಿಯುವ ಮುನ್ನಿನ ಕೊನೆಯ ತಿರುವಿನಲ್ಲಿ, ಕಡಿಮೆ ಎತ್ತರದಲ್ಲಿ, ಹಿಂದೆ ಎಂದೂ ದಂಡನೆಗೆ ಗುರಿಯಾಗದ ಅದೇ ತಪ್ಪನ್ನು ಮಾಡುತ್ತಾನೆ. ಅಲ್ಲಿ ಅದಕ್ಕೆ ಕ್ಷಮೆಯಿಲ್ಲ. ತಪ್ಪನ್ನು ಮುಚ್ಚಿಟ್ಟ ಕರುಣೆಯು ಅದನ್ನು ಅಳಿಸಲಿಲ್ಲ. ಪರಿಹರಿಸಲಾಗದ ಸ್ಥಳಕ್ಕೆ ಮುಂದೂಡಿತು, ಅಷ್ಟೆ.

ಹಾಗೆಂದು ಕಾಠಿಣ್ಯವೇ ಗುರುಲಕ್ಷಣವೆಂದು ತಿಳಿಯಬಾರದು. ಲಿಲಿಯೆನ್‌ಟಾಲನಿಗೆ ಗಾಳಿಯೇ ಗುರುವಾಗಿತ್ತು. ಆ ಗುರುವು ತಪ್ಪನ್ನು ತೋರಿಸಿತೇ ಹೊರತು ತಿದ್ದಿಕೊಳ್ಳಲು ಬಿಡುವು ಕೊಡಲಿಲ್ಲ. ಹಳೆಯ ಎ.ಎಸ್.ಕೆ. 13ರ ಹಿರಿಮೆಯು ಇವೆರಡರ ನಡುವಿನದು. ಅದು ತಪ್ಪನ್ನು ಅಡಗಿಸುವುದಿಲ್ಲ; ಆದರೆ ಮೊದಲು ಪಿಸುಗುಟ್ಟುತ್ತದೆ, ಆಮೇಲೆ ನಡುಗುತ್ತದೆ, ಕೊನೆಗೆ ಮಾತ್ರ ಬೀಳುತ್ತದೆ; ಬಿದ್ದರೂ, ಎತ್ತರವಿದ್ದಲ್ಲಿ, ಕ್ರಮವರಿತ ಕೈಗೆ ಮತ್ತೆ ವಶವಾಗುತ್ತದೆ.

ಅದರ ರಚನೆಯಲ್ಲಿ ಇನ್ನೊಂದು ವಿಶೇಷವುಂಟು. ಶಿಷ್ಯನ ಆಸನ ಮುಂದೆ, ಗುರುವಿನದು ಹಿಂದೆ. ಹಿಂದೆ ಕುಳಿತವನ ನೋಟಕ್ಕೆ ಅಡ್ಡಿಯಾಗದಂತೆ ರೆಕ್ಕೆಯ ಬುಡವನ್ನು ಹಿಂದಕ್ಕಿರಿಸಿ, ತುದಿಗಳನ್ನು ಮುಂದಕ್ಕೆ ಚಾಚಿದ್ದಾರೆ. ಗುರುವಿನ ಆಸನವು ಭಾರಕೇಂದ್ರದ ಸಮೀಪಕ್ಕೆ ಬರುತ್ತದೆ. ಆದುದರಿಂದ ಅವನು ಇಳಿದುಹೋದರೂ ಗ್ಲೈಡರಿನ ಸಮತೋಲ ಕೆಡುವುದಿಲ್ಲ. ಒಂದು ದಿನ ಅವನು ಇಳಿದು, ಬರಿದಾದ ಆಸನದ ಪಟ್ಟಿಗಳನ್ನು ಬಿಗಿದು, ದೂರ ಸರಿದು ನಿಲ್ಲುತ್ತಾನೆ. ಶಿಷ್ಯನು ಒಂಟಿಯಾಗಿ ಏರುತ್ತಾನೆ. ಹಗುರವಾದ ಗ್ಲೈಡರು ಎಂದಿಗಿಂತ ಬೇಗ ಮೇಲೇರುವುದರಿಂದಲೇ ಗುರುವಿಲ್ಲವೆಂಬುದು ಅವನ ಮೈಗೆ ತಿಳಿಯುತ್ತದೆ. ತಾನು ಎದ್ದುಹೋದರೆ ಎಲ್ಲವೂ ಓಲಾಡುವಂತೆ ಕುಳಿತಿರುವ ಗುರುವೂ ತಂದೆಯೂ ಈ ಆಸನದಿಂದ ಕಲಿಯಬೇಕಾದುದುಂಟು.

ಮರ ಬಟ್ಟೆಗಳ ಈ ಗ್ಲೈಡರು ಸೇವೆಯನ್ನೂ ಬೇಡುತ್ತದೆ. ತೇವವು ಅಂಟಿನ ಬೆಸುಗೆಗೆ ಶತ್ರು, ಬಟ್ಟೆಗೆ ಆಯುಸ್ಸುಂಟು. ಬಲ್ಲವರ ಕಣ್ಗಾವಲಿನಲ್ಲಿ ಸಂಘದವರು ಚಳಿಗಾಲದಲ್ಲಿ ಅದನ್ನು ಬಿಚ್ಚಿ ಪರೀಕ್ಷಿಸಿ ಸರಿಪಡಿಸುವ ಕೆಲಸದಲ್ಲಿ ಕೂಡಿಕೊಳ್ಳುತ್ತಾರೆ. ತನ್ನನ್ನು ಹೊರುವ ರೆಕ್ಕೆಯ ಒಳಗನ್ನು ಕಂಡವನು ಅದನ್ನು ಒರಟಾಗಿ ನಡೆಸಲಾರನು. ಪರೀಕ್ಷೆಯಲ್ಲಿ ನಿಲ್ಲದ ಹಳೆಯ ರೆಕ್ಕೆಯನ್ನು ಮೋಹದಿಂದ ಹಾರಿಸುವುದು ಮಾತ್ರ ಅಕ್ಷಮ್ಯ, ಹಳೆಯದೆಂಬುದೇ ಯೋಗ್ಯತೆಯಲ್ಲ.

ಆದುದರಿಂದ ಮೊದಲ ಪ್ರಶ್ನೆಗೆ ನಮಗೆ ತೋರುವ ಉತ್ತರವಿದು: ಕಾಯುವುದೂ ತೋರಿಸುವುದೂ ಪರಸ್ಪರ ವಿರುದ್ಧವಾದ ಧರ್ಮಗಳಲ್ಲ. ಮುಂದಣ ದೊಡ್ಡ ಪತನದಿಂದ ಕಾಯಬೇಕಾದರೆ ಇಂದಿನ ಚಿಕ್ಕ ಪತನವನ್ನು ಕಾಣಿಸಲೇಬೇಕು. ಆದರೆ ಸಾಕಷ್ಟು ಎತ್ತರದಲ್ಲಿ, ತಾನು ಜೊತೆಯಲ್ಲಿ ಕುಳಿತು. ಆ ಎತ್ತರ ಎಷ್ಟೆಂದು ಬಲ್ಲವನೇ ಗುರು.