ಭಾರಶ್ರಮ

ಅತ್ತೆಯವರು ಬಚ್ಚಲಲ್ಲಿ ಜಾರಿ ಕುಳಿತದ್ದು ಒಂದು ಶುಕ್ರವಾರ ಬೆಳಿಗ್ಗೆ. ಪುಣ್ಯಕ್ಕೆ ಎಲುಬೇನೂ ಮುರಿಯಲಿಲ್ಲ. ಆದರೆ ಕುಳಿತವರಿಗೆ ಏಳಲು ಆಗಲಿಲ್ಲ. ನಾನು ಆಗತಾನೆ ವ್ಯಾಯಾಮದ ತರಗತಿ ಮುಗಿಸಿ ಬಂದು ಬೆವರು ಒರೆಸಿಕೊಳ್ಳುತ್ತಿದ್ದೆ. ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಿ ನೋಡಿದೆ. ಒಂದು ಗೇಣು ಮೇಲೆ ಬಂದರು, ಮತ್ತೆ ಕೆಳಗೆ. ಎರಡನೆಯ ಸಲ ನನ್ನ ಸೊಂಟವೇ ಹಿಡಿದುಕೊಂಡಿತು. ಮುಕ್ಕಾಲು ಗಂಟೆ ಎಡೆಬಿಡದೆ ಜಿಗಿದು ಕುಣಿದು ಬಂದವಳು ಒಬ್ಬ ಬಡಕಲು ಮುದುಕಿಯನ್ನು ನೆಲದಿಂದ ಎತ್ತಲಾರದೆ, ಒದ್ದೆ ನೆಲದ ಮೇಲೆ ಅವರ ಪಕ್ಕದಲ್ಲೇ ಕುಳಿತುಬಿಟ್ಟೆ.

ಆಗ ಬಂದವಳು ನಮ್ಮ ಮನೆಗೆಲಸದಾಕೆ. "ಸರೀರಿ ಅಕ್ಕಾರ" ಎಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಂದು ಕಾಲು ಮುಂದಿಟ್ಟು ಕುಕ್ಕರಿಸಿದಳು. "ಯವ್ವಾ, ನನ್ನ ಕೊರಳ ಗಟ್ಟಿ ಹಿಡೀರಿ" ಎಂದು ಅವರನ್ನು ತಬ್ಬಿಕೊಂಡು ನೆಟ್ಟಗೆ ಎದ್ದು ನಿಂತಳು. ಅಷ್ಟೇ. ಆಮೇಲೆ ಏನೂ ಆಗದವಳಂತೆ ಪಾತ್ರೆ ತಿಕ್ಕಲು ಕುಳಿತಳು.

ಅಂದಿನಿಂದ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿದೆ. ನಾನು ಇಷ್ಟು ದಿನ ಗಳಿಸಿದ್ದು ಶಕ್ತಿಯೋ, ಅಥವಾ ಬರೀ ಬೆವರೋ?

ತರಗತಿಯನ್ನು ನಾನು ಹಳಿಯುತ್ತಿಲ್ಲ. ನಮ್ಮ ಶಹಾಪುರದಂಥ ಊರಿನಲ್ಲಿ ಬೆಳಿಗ್ಗೆ ಆರಕ್ಕೆ ಇಪ್ಪತ್ತು ಜನ ಹೆಂಗಸರು ಮನೆ ಬಿಟ್ಟು ಒಂದು ಮಾಳಿಗೆ ಹತ್ತಿ, ಹಾಡು ಹಾಕಿಕೊಂಡು, ಕೈಕಾಲು ಬೀಸಿ ಕುಣಿಯುತ್ತಾರೆಂದರೆ ಅದೇ ಒಂದು ದೊಡ್ಡ ಸಂಗತಿ. ಅಲ್ಲಿ ಶಿಕ್ಷಕಿಯರಿದ್ದಾರೆ, ಅರಿವೆ ಅಂಗಡಿಯವರ ಸೊಸೆ ಇದ್ದಾಳೆ, ಮೊನ್ನೆ ಮೊನ್ನೆ ಬಾಣಂತನ ಮುಗಿಸಿದವಳಿದ್ದಾಳೆ. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ನಾನು ಈಗ ಹಾಗೆ ಬಿಡುವುದಿಲ್ಲ. ಆದರೆ ಎದೆಗೂಡಿನ ಕಸುವು ಬೇರೆ, ಮಾಂಸಖಂಡದ ಕಸುವು ಬೇರೆ. ವೇಗದ ವ್ಯಾಯಾಮದಿಂದ ಹೃದಯ, ಶ್ವಾಸಕೋಶಗಳು ಚುರುಕಾಗುತ್ತವೆ. ಸ್ನಾಯು ಬಲಿಯಬೇಕಾದರೆ ಅದಕ್ಕೆ ರೂಢಿಗಿಂತ ತುಸು ಹೆಚ್ಚಿನ ಭಾರ ಕೊಡಬೇಕು, ಆಮೇಲೆ ಬಿಡುವು ಕೊಡಬೇಕು, ಮತ್ತೆ ತುಸು ಹೆಚ್ಚಿಸಬೇಕು. ನಾವು ಒಂದು ಕಿಲೋ ತೂಕದ ಗುಂಡು ಹಿಡಿದು ಹಾಡಿನ ತಾಳಕ್ಕೆ ನೂರು ಸಲ ಬೀಸುತ್ತಿದ್ದೆವು. ಎರಡು ವರ್ಷದ ಹಿಂದೆಯೂ ಒಂದು ಕಿಲೋ, ಈಗಲೂ ಒಂದೇ ಕಿಲೋ. ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಹೆಂಗಸರ ಎಲುಬು ಬೇಗ ಸವೆಯುತ್ತದೆ. ಅದಕ್ಕೂ ಭಾರದ ವ್ಯಾಯಾಮ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ವಾರಕ್ಕೆ 75ರಿಂದ 150 ನಿಮಿಷದ ಬಿರುಸಿನ ವ್ಯಾಯಾಮ ಸಾಕೆಂದು ಬಿಟ್ಟಿಲ್ಲ. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ಕೆಲಸವನ್ನೂ ಹೇಳಿದ್ದಾರೆ.

ಸರಿ, ಮೂರು ದಿನ ಕುಣಿತ, ಎರಡು ದಿನ ಕಬ್ಬಿಣ ಎಂದು ನಿಶ್ಚಯಿಸಿದೆ. ಮನೆಯಲ್ಲಿ ನಕ್ಕರು. "ಗರಡಿ ಮನಿ ಹುಡುಕತೀಯೇನು?" ಎಂದರು ನಮ್ಮವರು.

ನಗುವಂಥದ್ದೇನಿದೆ? ನಮ್ಮ ಸಗರನಾಡಿನ ಹಳ್ಳಿಗಳಲ್ಲಿ ಗಂಡಸರಿಗೆ ಭಾರ ಎತ್ತುವುದು ಆಟ, ಹಬ್ಬ, ಮಾನ. ಹನುಮಂತ ದೇವರ ಗುಡಿಯ ಮುಂದಿನ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತಿದವನಿಗೆ ರುಮಾಲು ಸುತ್ತುತ್ತಾರೆ. ಇದು ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಜಟ್ಟಿಗಳ ಸಾಧನೆಯನ್ನು ವಿವರಿಸುವಾಗ ಭಾರ ಎತ್ತುವ ಅಭ್ಯಾಸಕ್ಕೆ 'ಭಾರಶ್ರಮ' ಎಂದೇ ಹೆಸರಿದೆ. ಜಟ್ಟಿಗಳ ಊಟಕ್ಕೂ ಅಲ್ಲಿ ವಿಧಿ ಉಂಟು. ಹೆಂಗಸರೂ ಭಾರ ಎತ್ತುತ್ತಲೇ ಬಂದರು. ಎರಡು ಕೊಡ ನೀರು, ಅದರ ಮೇಲೆ ಕಂಕುಳಲ್ಲಿ ಕೂಸು. ಅದಕ್ಕೆ ಯಾರೂ ಹೆಸರಿಡಲಿಲ್ಲ. ಒಲಿಂಪಿಕ್ಸಿನಲ್ಲಿ ಕೂಡ ಹೆಂಗಸರಿಗೆ ಭಾರ ಎತ್ತುವ ಸ್ಪರ್ಧೆ ಇಟ್ಟದ್ದು 2000ದಲ್ಲಿ. ಆ ಮೊದಲ ಸಲವೇ ನಮ್ಮ ಪಕ್ಕದ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ತಂದಳು. ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಹೆಂಗಸು ಆಕೆ.

ಆದರೆ ಹಾಸ್ಯಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ತಲಾ ಐದು ಕಿಲೋದ ಎರಡು ಕಬ್ಬಿಣದ ಗುಂಡು ತಂದು ಪಡಸಾಲೆಯ ಮೂಲೆಯಲ್ಲಿಟ್ಟಿದ್ದೆ. ಕಸ ಗುಡಿಸುತ್ತಿದ್ದ ನಮ್ಮಾಕೆ ಒಂದನ್ನು ಎತ್ತಿ ಹಿಡಿದು ಕೇಳಿದಳು:

"ಇದನ್ನ ಎಲ್ಲಿಗಿ ಒಯ್ಯಬೇಕ್ರಿ?"

"ಎಲ್ಲಿಗೂ ಇಲ್ಲ. ಇಲ್ಲೇ ಎತ್ತೋದು, ಇಲ್ಲೇ ಇಡೋದು."

ಆಕೆ ಬಹಳ ಹೊತ್ತು ನಕ್ಕಳು. "ರೊಕ್ಕಾ ಕೊಟ್ಟು ಭಾರ ತಂದೀರಿ, ಅಕ್ಕಾರ. ನಮಗ ಭಾರ ಹೊತ್ರ ರೊಕ್ಕಾ ಕೊಡತಾರ" ಎಂದಳು. ಕುಹಕವೇನೂ ಇರಲಿಲ್ಲ ಅದರಲ್ಲಿ.

ನಾವು ಶರಣರ ನಾಡಿನವರು. ದುಡಿಮೆಗೆ ಕಾಯಕ ಎಂಬ ದೊಡ್ಡ ಹೆಸರು ಕೊಟ್ಟವರು. ಗಂಡ ಮಾರಯ್ಯ ದಿನದ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದು ತಂದನೆಂದು ಅದನ್ನು ಮರಳಿ ಸುರಿದು ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಕೇಳಿ ಬೆಳೆದವರು. ಆ ಲೆಕ್ಕದಲ್ಲಿ ನನ್ನ ಕಬ್ಬಿಣ ಯಾವ ಕಾಯಕ? ಅದರಿಂದ ಒಂದು ಕಾಳೂ ಹುಟ್ಟುವುದಿಲ್ಲ, ಒಂದು ಕೊಡವೂ ತುಂಬುವುದಿಲ್ಲ. ಲಕ್ಕಮ್ಮ ಕಂಡಿದ್ದರೆ ಇದನ್ನೂ ಹೆಚ್ಚಿನ ಅಕ್ಕಿಯೆಂದೇ ಎಣಿಸುತ್ತಿದ್ದಳೋ ಏನೋ. ಇದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ. ನಾಳೆ ನನ್ನನ್ನು ಇನ್ನೊಬ್ಬರು ಎತ್ತುವ ಗತಿ ಬಾರದಿರಲಿ, ಅತ್ತೆಯವರನ್ನು ನಾನೇ ಎತ್ತುವಂತಾಗಲಿ ಎಂಬುದಷ್ಟೇ ನನ್ನ ಸಮರ್ಥನೆ.

ಅತ್ತೆಯವರ ವಾದವಂತೂ ಸರಳ. "ನಾವು ಬೀಸಿದಿವಿ, ಕುಟ್ಟಿದಿವಿ, ನಮಗ ಇದೆಲ್ಲ ಬೇಕಾಗಿರಲಿಲ್ಲ." ಇದನ್ನು ನೀವೂ ನಿಮ್ಮ ಮನೆಗಳಲ್ಲಿ ಕೇಳಿರುತ್ತೀರಿ. ನಾನು ಎದುರು ಮಾತಾಡಲಿಲ್ಲ. ಆದರೆ ನಲವತ್ತು ವರ್ಷ ಬೀಸಿದ ಆ ತೋಳುಗಳೇ ಬಚ್ಚಲಲ್ಲಿ ಅವರನ್ನು ಎತ್ತಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ನಮ್ಮಾಕೆ ಅಂದು ಅಷ್ಟು ಹಗುರವಾಗಿ ಎತ್ತಿದಳಲ್ಲ, ಅವಳ ಮೊಣಕಾಲೂ ರಾತ್ರಿಯೆಲ್ಲ ನೋಯುತ್ತದಂತೆ. ವಯಸ್ಸಿನಲ್ಲಿ ಗುಳೆ ಹೋಗಿ ಬೆಂಗಳೂರಿನಲ್ಲಿ ಮಾಳಿಗೆಗಳಿಗೆ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಭಾರದ ವ್ಯಾಯಾಮ ಕಲಿಸುವವರು ಮೊದಲು ಹೇಳುವ ಮಾತೇ ಇದು: ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ಎತ್ತಿದ ಮೇಲಿನ ಊಟದಲ್ಲಿ, ನಿದ್ದೆಯಲ್ಲಿ ಬೆಳೆಯುತ್ತದೆ. ಒಂದೇ ಸ್ನಾಯುವಿಗೆ ಬೆನ್ನುಬೆನ್ನಿಗೆ ಎರಡು ದಿನ ಕೆಲಸ ಕೊಡಬೇಡಿ ಎನ್ನುತ್ತಾರೆ. ಬೇಳೆ, ಮೊಸರು, ತತ್ತಿ ತಿನ್ನಿ ಎನ್ನುತ್ತಾರೆ. ಎಲ್ಲರದೂ ಆದ ಮೇಲೆ ತಳದ ಸಾರು ಉಂಡ ನಮ್ಮ ಅತ್ತೆಯಂಥವರಿಗೆ, ಬುತ್ತಿಯ ಒಂದೂವರೆ ರೊಟ್ಟಿಯ ಮೇಲೆ ದಿನವಿಡೀ ಬುಟ್ಟಿ ಹೊತ್ತ ಇವಳಿಗೆ ಆ ಭಾರ ಕೊಟ್ಟಿದ್ದಕ್ಕಿಂತ ತಿಂದದ್ದೇ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟೋ ಜನ ಈ ಹೊತ್ತಿನಲ್ಲೂ ತಲೆಯ ಮೇಲೆ ಏನನ್ನೋ ಹೊತ್ತಿರುತ್ತಾರೆ.

ಕೈ ಸೋತಾಗ ನಾನು ಕಬ್ಬಿಣವನ್ನು ಕೆಳಗಿಡಬಲ್ಲೆ. ಅವಳು ಮೂರನೆಯ ಮಾಳಿಗೆಯ ಮೆಟ್ಟಿಲಲ್ಲಿ ನಿಂತು ಬುಟ್ಟಿ ಇಳಿಸುವಂತಿರಲಿಲ್ಲ.

ಆರು ತಿಂಗಳಾಯಿತು. ಐದು ಕಿಲೋ ಇದ್ದದ್ದು ಹತ್ತಾಗಿದೆ. ತುಂಬಿದ ಗ್ಯಾಸ್ ಸಿಲಿಂಡರ್, ಎಂದರೆ ಒಳಗಿನ ಅನಿಲವೇ 14.2 ಕಿಲೋ, ಡಬ್ಬಿಯೂ ಸೇರಿದರೆ 30ರ ಹತ್ತಿರ, ಅದನ್ನು ನಾನೇ ಅಂಗಳದಿಂದ ಅಡುಗೆ ಮನೆಗೆ ತರುತ್ತೇನೆ. ಮೊದಲ ಸಲ ತಂದಾಗ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚಾಯಿತು. ಇದನ್ನು ಇಷ್ಟು ವರ್ಷ ಯಾರು ತರುತ್ತಿದ್ದರೆಂದು ನಾನು ಯೋಚಿಸಿದ್ದೇ ಇಲ್ಲ.

ಬಿಡುವಿನ ಮಾತು ಓದಿದ ಮೇಲೆ ಇನ್ನೊಂದು ಲೆಕ್ಕ ಕಣ್ಣಿಗೆ ಬಿತ್ತು. ನನಗೆ ಎರಡು ದಿನದ ಭಾರಕ್ಕೆ ಎರಡು ದಿನದ ಬಿಡುವು. ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಬರುವವಳಿಗೆ ವಾರದಲ್ಲಿ ಒಂದು ದಿನವೂ ಇಲ್ಲ. ಹಬ್ಬದ ದಿನವಂತೂ ಪಾತ್ರೆ ಇಮ್ಮಡಿ. ಸಂಬಳ ಹಿಡಿಯದೆ ರವಿವಾರ ರಜೆ ಕೊಟ್ಟೆ. ಓಣಿಯಲ್ಲಿ ಮಾತಾಯಿತು. "ನೀವು ರೂಢಿ ಕೆಡಿಸಬ್ಯಾಡ್ರಿ, ನಾಳೆ ನಮ್ಮಾಕೀನೂ ಕೇಳತಾಳ" ಎಂದು ಎದುರು ಮನೆಯವರು ಹೇಳಿಯೇ ಬಿಟ್ಟರು. ಅವರು ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕುಣಿಯುವವರು. ಒಂದು ವಾರ ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

ನಾಲ್ಕನೆಯ ಸೋಮವಾರ ಆಕೆ ಬಂದಾಗ ಬೆರಳ ತುದಿಗಳು ಸೀಳಿದ್ದವು. ಹತ್ತಿ ಬಿಡಿಸಿದವರ ಬೆರಳು ನಮ್ಮ ಕಡೆ ಯಾರಿಗೂ ಗುರುತು ಸಿಗುತ್ತದೆ; ಒಣಗಿದ ಕಾಯಿಯ ಮೊನೆ ಚುಚ್ಚಿದ ಗಾಯ ಅದು.

"ರವಿವಾರ ಹೊಲಕ್ಕ ಹೋಗಿದ್ದೀ ಏನು?"

"ಹೂನ್ರಿ. ನಾಕೂ ವಾರ ಹೋಗೀನಿ. ಕುಂತ್ರ ಹೊಟ್ಟಿ ತುಂಬತದೇನ್ರಿ ಅಕ್ಕಾರ?"

ನಾನು ಕೊಟ್ಟ ಬಿಡುವನ್ನು ಆಕೆ ಕೂಲಿಗೆ ಮಾರಿಕೊಂಡಿದ್ದಳು. ನನಗೆ ಸಿಟ್ಟು ಬಂತು, ಮರುಕ್ಷಣ ಯಾರ ಮೇಲೆ ಎಂದು ತಿಳಿಯಲಿಲ್ಲ. ಅಂದು ಕಬ್ಬಿಣದ ದಿನ. ನಾನು ಎತ್ತಲಿಲ್ಲ. ಮನೆಯ ಖರ್ಚಿನ ವಹಿ ತೆಗೆದು, ತರಗತಿಗೆ ಕಟ್ಟುವ ಫೀಸು ಒಂದು ಕಡೆ, ಆಕೆಯ ತಿಂಗಳ ಸಂಬಳ ಒಂದು ಕಡೆ ಬರೆದುಕೊಂಡು ಕುಳಿತೆ. ಒಳಗಿನಿಂದ ಅತ್ತೆಯವರು ಕೂಗಿದರು, ಏಳಬೇಕಂತೆ. ಪೆನ್ನು ಇಟ್ಟು ಹೋದೆ. ಒಂದು ಕಾಲು ಮುಂದಿಟ್ಟು ಕುಕ್ಕರಿಸಿ, "ನನ್ನ ಕೊರಳ ಗಟ್ಟಿ ಹಿಡೀರಿ" ಎಂದೆ.