ಬಸದಿಯ ಬಾವಲಿ ಮತ್ತು ಶ್ರಾವಕನ ವ್ರತ

ಜೀರ್ಣೋದ್ಧಾರಕ್ಕೆಂದು ಹಳೆಯ ಬಸದಿಯೊಂದರ ಬಾಗಿಲನ್ನು ಬಹುಕಾಲದ ಮೇಲೆ ತೆರೆದವರಿಗೆ ಮೊದಲು ಎದುರಾಗುವುದು ಜಿನಬಿಂಬವಲ್ಲ, ಮೂಗಿಗೆ ಅಡರುವ ಬಾವಲಿಯ ಹಿಕ್ಕೆಯ ವಾಸನೆ. ನವರಂಗದ ಚಪ್ಪಡಿಗಳ ಸಂದಿನಲ್ಲಿ, ಗರ್ಭಗೃಹದ ಕತ್ತಲಲ್ಲಿ ತಲೆಕೆಳಗಾಗಿ ನೇತಾಡುವ ನೂರಾರು ಜೀವಗಳು ಬೆಳಕು ಬಿದ್ದೊಡನೆ ಕಲಕಿಹೋಗುತ್ತವೆ. ಆಡಳಿತ ಮಂಡಳಿಯ ಸಭೆ ಕೂಡುತ್ತದೆ. ಹೊಗೆ ಹಾಕಬೇಕೆಂದು ಒಬ್ಬರು, ರಾತ್ರಿಯಿಡೀ ವಿದ್ಯುದ್ದೀಪ ಉರಿಸಬೇಕೆಂದು ಇನ್ನೊಬ್ಬರು, ಕಂಡಿಗಳನ್ನೆಲ್ಲ ಗಾರೆಯಿಂದ ಮುಚ್ಚಿಬಿಟ್ಟರೆ ಸಾಕೆಂದು ಮತ್ತೊಬ್ಬರು ಸಲಹೆ ಮಾಡುತ್ತಾರೆ. ಕೊಲ್ಲಬೇಕೆಂದು ಯಾರೂ ಹೇಳುವುದಿಲ್ಲ, ಹೇಳುವವರು ಜೈನರ ಸಭೆಯಲ್ಲಿ ಇರಲಾರರು. ಆದರೆ ಕೊಲ್ಲುವ ಮಾತೆತ್ತದೆಯೂ ಕೊಂದಂತಾಗುವುದು ಸಾಧ್ಯವೆಂಬುದನ್ನು ಇಂತಹ ಸಭೆಗಳು ಬಹುಮಟ್ಟಿಗೆ ಮರೆಯುತ್ತವೆ.

ದಶವೈಕಾಲಿಕ ಸೂತ್ರವು ದಯೆಗಿಂತ ಮೊದಲು ಜ್ಞಾನಕ್ಕೆ ಸ್ಥಾನ ಕೊಟ್ಟಿದೆ. ಯಾವುದು ಜೀವ, ಅದರ ಸ್ವರೂಪವೇನು ಎಂದು ಅರಿಯದವನು ಅದರ ವಿಷಯದಲ್ಲಿ ಸಂಯಮಿಯಾಗುವ ಬಗೆ ಹೇಗೆ? ಬಾವಲಿಯ ಮಟ್ಟಿಗೆ ಈ ಅಜ್ಞಾನವು ದೊಡ್ಡದು. ‘ಬಾವಲಿ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಪ್ರಭೇದಗಳಿವೆ. ಸ್ತನಿಗಳ ಒಟ್ಟು ಪ್ರಭೇದಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಇವುಗಳದೇ. ಭಾರತದಲ್ಲಿ ಸುಮಾರು 130 ಪ್ರಭೇದಗಳುಂಟು. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ಗಳ ಗುಹೆಗಳಲ್ಲಿರುವ ಒಂದು ಬಾವಲಿಯ ತೂಕ ಎರಡು ಗ್ರಾಂ ಮಾತ್ರ. ನಮ್ಮ ಊರುಗಳ ಆಲದ ಮರಗಳಲ್ಲಿ ಹಗಲೆಲ್ಲ ಜೋತುಬಿದ್ದಿರುವ ದೊಡ್ಡ ತೊಗಲುಬಾವಲಿಯಾದರೋ ರೆಕ್ಕೆ ಹರಡಿದರೆ ನಾಲ್ಕಡಿಗೂ ಮಿಗಿಲು. ಕಿತ್ತಳೆ ಮತ್ತು ಕಪ್ಪು ಬಣ್ಣದ ಚಿತ್ತಾರದ ಬಾವಲಿಯೊಂದು ಬಾಳೆಯ ಒಣಗಿದ ಎಲೆಗಳ ನಡುವೆ ಮಲಗುತ್ತದೆ. ತೋಟದ ಆಳು ಅದನ್ನು ತರಗೆಲೆಯೆಂದೇ ತಿಳಿಯುತ್ತಾನೆ. ಎಲೆಯ ನರಗಳನ್ನು ಕಡಿದು ಡೇರೆಯಂತೆ ಬಾಗಿಸಿಕೊಂಡು ಅದರೊಳಗೆ ವಾಸಿಸುವ ಹಣ್ಣುತಿನಿ ಬಾವಲಿಯೂ ಇದೆ. ರಕ್ತವನ್ನೇ ಆಹಾರವಾಗಿ ಉಳ್ಳವು ಮೂರೇ ಪ್ರಭೇದಗಳು, ಆ ಮೂರೂ ಮಧ್ಯ ಮತ್ತು ದಕ್ಷಿಣ ಅಮೆರಿಕದವು. ಭಾರತದ ಯಾವ ಬಾವಲಿಯ ಮೇಲೂ ಆ ಆರೋಪ ಸಲ್ಲದು.

ಬಾವಲಿಗೆ ಕಣ್ಣು ಕಾಣದೆಂಬುದೂ ಸುಳ್ಳು. ಹಣ್ಣುತಿನಿಗಳು ದೊಡ್ಡ ಕಣ್ಣುಗಳಿಂದ ಮಬ್ಬಿನಲ್ಲಿ ಚೆನ್ನಾಗಿ ನೋಡುತ್ತವೆ. ಕೀಟಾಹಾರಿಗಳು ಮನುಷ್ಯನ ಕಿವಿಗೆ ನಿಲುಕದ ಧ್ವನಿಯನ್ನು ಹೊರಡಿಸಿ, ಅದರ ಮಾರ್ದನಿಯಿಂದ ದಾರಿಯನ್ನೂ ಬೇಟೆಯನ್ನೂ ಗುರುತಿಸುತ್ತವೆ. ಗುಹೆಗಳಲ್ಲಿಯೂ ಪಾಳು ಗುಡಿಗಳಲ್ಲಿಯೂ ನೆಲೆಸುವ ಒಂದು ಜಾತಿಯ ಹಣ್ಣುತಿನಿಯು ಮಾತ್ರ ನಾಲಗೆಯನ್ನು ಲೊಟಕಿಸಿ ಮಾರ್ದನಿಯನ್ನು ಪಡೆಯುತ್ತದೆ. ಈ ಅರಿವು ಬಂದ ಬಗೆಯನ್ನು ಜೈನ ಓದುಗರು ಗಮನಿಸಬೇಕು. 1793ರಲ್ಲಿ ಇಟಲಿಯ ಸ್ಪಲ್ಲಾಂಜಾನಿ ಬಾವಲಿಗಳ ಕಣ್ಣು ಕಿತ್ತು ಹಾರಬಿಟ್ಟನು. ಅವು ಎಲ್ಲಿಯೂ ಡಿಕ್ಕಿ ಹೊಡೆಯಲಿಲ್ಲ. ಜಿನೀವಾದ ಜೂರಿನ್ ಕಿವಿಗಳನ್ನು ಮುಚ್ಚಿದಾಗ ಅವು ದಾರಿತಪ್ಪಿದವು. 1938ರಲ್ಲಿ ಹಾರ್ವರ್ಡ್‌ನಲ್ಲಿ ಗ್ರಿಫಿನ್ ಮತ್ತು ಪಿಯರ್ಸ್ ಅವರು ಯಂತ್ರದ ಮುಂದೆ ಬಾವಲಿಗಳನ್ನು ಹಿಡಿದು ಆ ಧ್ವನಿಯನ್ನು ಕೇಳಿಸಿಕೊಂಡರು. ಅದಕ್ಕೆ ಯಾವ ಕಣ್ಣನ್ನೂ ಕೀಳಬೇಕಾಗಿರಲಿಲ್ಲ. ಜ್ಞಾನವು ದಯೆಗಿಂತ ಮೊದಲೆಂದರೆ ಜ್ಞಾನಕ್ಕಾಗಿ ದಯೆಯನ್ನು ಬಿಡಬಹುದೆಂದು ಅರ್ಥವಲ್ಲ.

ನಮ್ಮ ಶಾಸ್ತ್ರಕಾರರು ಬಾವಲಿಯನ್ನು ಗಮನಿಸದೆ ಬಿಟ್ಟಿಲ್ಲ. ಪಂಚೇಂದ್ರಿಯ ತಿರ್ಯಂಚರಲ್ಲಿ ಆಕಾಶಗಾಮಿಗಳನ್ನು ಎಣಿಸುವಾಗ ಪ್ರಜ್ಞಾಪನಾ ಸೂತ್ರವು ಚರ್ಮಪಕ್ಷಿಗಳನ್ನು ರೋಮಪಕ್ಷಿಗಳಿಂದ ಬೇರೆಯಾಗಿಯೇ ಹೇಳಿ, ಚರ್ಮಪಕ್ಷಿಗಳಲ್ಲಿ ವಲ್ಗುಲಿಯನ್ನು, ಎಂದರೆ ಬಾವಲಿಯನ್ನು, ಹೆಸರಿಸುತ್ತದೆ. ಕನ್ನಡದ ‘ತೊಗಲುಬಾವಲಿ’ಯೂ ಇದೇ ಲಕ್ಷಣವನ್ನು ಹಿಡಿದ ಮಾತು. ತತ್ತ್ವಾರ್ಥಸೂತ್ರವು ಗರ್ಭಜನ್ಮವನ್ನು ಜರಾಯುಜ, ಅಂಡಜ, ಪೋತ ಎಂದು ಮೂರು ಬಗೆಯಾಗಿ ಹೇಳಿದೆಯಷ್ಟೆ. ಶ್ವೇತಾಂಬರ ಪರಂಪರೆಯ ತತ್ತ್ವಾರ್ಥಭಾಷ್ಯವು ಚರ್ಮಪಕ್ಷಿಗಳನ್ನು ಅಂಡಜಗಳಲ್ಲಿ ಸೇರಿಸದೆ ಪೋತಗಳಲ್ಲಿ ಸೇರಿಸಿತು. ಇಂದಿನ ವಿಜ್ಞಾನದ ಪ್ರಕಾರ ಬಾವಲಿಯ ಭ್ರೂಣಕ್ಕೂ ಜರಾಯುವುಂಟು. ಆದುದರಿಂದ ಪ್ರಾಚೀನರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಬೀಗುವುದು ತರವಲ್ಲ. ಆದರೂ ಹಾರುವುದೆಲ್ಲ ಮೊಟ್ಟೆಯಿಡುವ ಹಕ್ಕಿಯೆಂದು ಅವರು ಭಾವಿಸಲಿಲ್ಲ.

ಈ ವ್ಯತ್ಯಾಸವೇ ಬಸದಿಯ ಪ್ರಶ್ನೆಗೆ ತಳಹದಿ. ಬಾವಲಿಯು ಮರಿಹಾಕಿ ಹಾಲುಣಿಸುವ ಪ್ರಾಣಿ. ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ. ಹುಟ್ಟಿದ ಮೊದಲ ವಾರಗಳಲ್ಲಿ ಮರಿ ಹಾರಲಾರದು. ಅನೇಕ ಪ್ರಭೇದಗಳಲ್ಲಿ ತಾಯಿ ಅದನ್ನು ನೆಲೆಯಲ್ಲಿಯೇ ಬಿಟ್ಟು ಆಹಾರಕ್ಕೆ ಹೊರಡುತ್ತದೆ. ಸಂಜೆ ಬಾವಲಿಗಳೆಲ್ಲ ಹೊರಟವೆಂದು ನಂಬಿ ಕೆಲಸಗಾರನು ಕಂಡಿಯನ್ನು ಮುಚ್ಚಿದರೆ ಒಳಗೆ ಮರಿಗಳು ಹಸಿದು ಸಾಯುತ್ತವೆ. ಹಗಲಿನಲ್ಲಿ ಮುಚ್ಚಿದರೆ ತಾಯಿ ಮರಿಗಳೆರಡೂ ಸಾಯುತ್ತವೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುವ ಐದು ಅತಿಚಾರಗಳಲ್ಲಿ ಬಂಧವು ಮೊದಲನೆಯದು, ಅನ್ನಪಾನನಿರೋಧವು ಕಡೆಯದು. ದನವನ್ನು ಕಟ್ಟಿಹಾಕಿ ಮೇವು ನೀರು ಕೊಡದಿರುವುದೇ ಇವಕ್ಕೆ ವಾಡಿಕೆಯಲ್ಲಿ ಬರುವ ನಿದರ್ಶನ. ಗಾರೆಯಿಂದ ಮುಚ್ಚಿದ ಕಂಡಿಯ ಹಿಂದೆ ಈ ಎರಡೂ ಒಟ್ಟಿಗೆ ನಡೆಯುತ್ತವೆ.

ಕಟ್ಟಡದ ಕೆಲಸದಲ್ಲಿ ಆಗುವ ಹಿಂಸೆ ಆರಂಭೀ ಹಿಂಸೆ, ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪದು ಎಂಬ ಸಮಾಧಾನವನ್ನು ಇಲ್ಲಿ ಹೇಳುವವರುಂಟು. ನೆಲ ಅಗೆಯುವಾಗ ಕಣ್ಣಿಗೆ ಬೀಳದೆ ಸಾಯುವ ಇರುವೆಗೆ ಆ ಮಾತು ಸಲ್ಲಬಹುದು. ಸಂದಿನಲ್ಲಿ ಮರಿಯಿದೆಯೆಂದು ತಿಳಿದವನಿಗೂ, ತಿಳಿಯುವ ಅವಕಾಶವಿದ್ದು ನೋಡದೆ ಹೋದವನಿಗೂ ಸಲ್ಲದು. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಹೇಳಿದ್ದಾರೆ.

ನೋಡುವುದೆಂದರೆ ಯಾವ ಬಾವಲಿಯೆಂದು ಗುರುತಿಸುವುದು. ನಾಲಗೆ ಲೊಟಕಿಸುವ ಹಣ್ಣುತಿನಿಯು ನಮ್ಮಲ್ಲಿ ಮಾರ್ಚ್ ಸುಮಾರಿಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ, ಹೀಗೆ ವರ್ಷಕ್ಕೆರಡು ಬಾರಿ ಮರಿಹಾಕುತ್ತದೆ. ಗೋರಿಗಳಲ್ಲಿಯೂ ಹಾಳು ಕಟ್ಟಡಗಳಲ್ಲಿಯೂ ಗೋಡೆಗೆ ಅಂಟಿಕೊಂಡು ಕೂರುವ ಕೆಲವು ಕೀಟಾಹಾರಿಗಳು ಬೇಸಗೆಯಲ್ಲಿ ಒಮ್ಮೆ ಮಾತ್ರ ಮರಿಹಾಕುತ್ತವೆ. ಒಂದಕ್ಕೆ ನಿರಪಾಯವಾದ ತಿಂಗಳು ಇನ್ನೊಂದಕ್ಕೆ ಸೂತಿಕಾಕಾಲವಾಗಿರಬಹುದು. ಬಾವಲಿಯೆಂದರೆ ಎಲ್ಲ ಒಂದೇ ಎಂದು ತಿಳಿದ ಆಡಳಿತ ಮಂಡಳಿಯು ಯಾವ ತಿಂಗಳನ್ನು ಆರಿಸಿದರೂ ಅದು ಕುರುಡು ಆಯ್ಕೆಯೇ.

ಇನ್ನು ಕಷ್ಟದ ಮಾತೊಂದಿದೆ. ಉದ್ದ ಕಿವಿಗಳು ಹಣೆಯ ಮೇಲೆ ಕೂಡಿಕೊಂಡಿರುವ, ‘ಹುಸಿ ರಕ್ತಪಿಪಾಸು’ ಎಂಬರ್ಥದ ಹೆಸರು ಹೊತ್ತ ಬಾವಲಿಯೊಂದು ಗುಡಿಗಳ ಕತ್ತಲನ್ನು ಬಹುವಾಗಿ ಬಯಸುತ್ತದೆ. ಅದು ರಕ್ತ ಹೀರುವುದಿಲ್ಲ. ಆದರೆ ಕಪ್ಪೆ, ಇಲಿ, ಚಿಕ್ಕ ಹಕ್ಕಿಗಳನ್ನು ಹಿಡಿದು ತಂದು ನೇತಾಡಿಕೊಂಡೇ ತಿನ್ನುತ್ತದೆ. ತಿಂದುಳಿದ ಕಾಲು ರೆಕ್ಕೆಗಳು ಕೆಳಗೆ ಬೀಳುತ್ತವೆ. ಜಿನಬಿಂಬದ ಪೀಠದ ಬಳಿ ಇಂತಹುದನ್ನು ಕಂಡ ಪುರೋಹಿತರ ಜುಗುಪ್ಸೆ ಸಹಜವೇ. ಹಣ್ಣುತಿನಿಗೆ ಒಂದು ನ್ಯಾಯ, ಈ ಹಿಂಸ್ರ ಪ್ರಾಣಿಗೆ ಇನ್ನೊಂದು ನ್ಯಾಯ ಎಂಬ ವಾದ ಏಳುವುದು ಇಲ್ಲಿ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನೇ ಎತ್ತಿಕೊಂಡು, ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆಂಬ ಲೆಕ್ಕವನ್ನು ನಿರಾಕರಿಸಿದ್ದಾರೆ. ಗರ್ಭಗೃಹದ ಶುಚಿತ್ವವನ್ನು ಕಾಯಬೇಕಾದುದು ನಿಜ. ಅದಕ್ಕಾಗಿ ಆ ಬಾವಲಿಯನ್ನು ಅಲ್ಲಿಂದ ಹೊರಗಿಡಬಹುದು. ಅದರ ಆಹಾರವನ್ನು ನೋಡಿ ಅದರ ಪ್ರಾಣದ ಬೆಲೆ ಕಟ್ಟುವಂತಿಲ್ಲ.

ಬಾವಲಿ ರೈತನ ಮಿತ್ರ, ಬೆಳೆಯ ಕೀಟಗಳನ್ನು ತಿನ್ನುತ್ತದೆ, ಬೀಜ ಹರಡುತ್ತದೆ ಎಂಬ ಸಮರ್ಥನೆಯೂ ಈಗ ಬಳಕೆಯಲ್ಲಿದೆ. ಮಾತು ಸತ್ಯವಾದರೂ ಜೈನನಿಗೆ ಅದು ಆಧಾರವಾಗದು. ಉಪಯೋಗದ ತಕ್ಕಡಿ ಎರಡೂ ಕಡೆಗೆ ವಾಲುವಂತಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣುತಿನಿ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆಗೆ ಉಪದ್ರವಿಗಳ ಅನುಸೂಚಿಯಲ್ಲಿ ಇರಿಸಿಕೊಂಡಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಯಿತು. ಬಾವಲಿ ಅಂದಿಗೂ ಇಂದಿಗೂ ಒಂದೇ ಪ್ರಾಣಿ.

ನೆಲೆ ತಪ್ಪಿದ ಬಾವಲಿಗೆ ಬೇರೆ ನೆಲೆ ಇದ್ದೇ ಇರುತ್ತದೆಂಬ ಭರವಸೆಯೂ ಸಲ್ಲದು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ‘ಕೋಲಾರದ ಎಲೆಮೂಗಿನ ಬಾವಲಿ’ ಇದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಪ್ರಭೇದದ ಇನ್ನೂರಕ್ಕಿಂತ ಕಡಿಮೆ ಜೀವಗಳು ಮಾತ್ರ ಉಳಿದಿವೆಯೆಂದು ತಜ್ಞರು ಅಂದಾಜು ಮಾಡಿದ್ದಾರೆ. ಸುತ್ತಲಿನ ಬಂಡೆಗಳ ಮೇಲೆ ಗ್ರಾನೈಟ್ ಗಣಿಗಾರಿಕೆಯ ಕಣ್ಣು ಬಿದ್ದಿತ್ತು. ಬೆಳಗಾವಿ ಜಿಲ್ಲೆಯ ತಳೇವಾಡಿಯ ಬಳಿ ಬಾರಾಪೇಡೆ ಗುಹೆಯಲ್ಲಿರುವ ರಾಟನ್ ಬಾವಲಿಯು 1913ರಲ್ಲಿ ಹೆಸರು ಪಡೆದ ಮೇಲೆ ಬಹುಕಾಲ ಅಲ್ಲಿ ಮಾತ್ರವೇ ಇದೆಯೆಂದು ತಿಳಿಯಲಾಗಿತ್ತು.

ಹಾಗಾದರೆ ಬಸದಿಯಲ್ಲಿ ಪೂಜೆ ನಡೆಯುವುದೇ ಬೇಡವೆ? ನಡೆಯಬೇಕು. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೇಡು ಮಾಡಬಲ್ಲುದಾದ್ದರಿಂದ ಗುಡಿಸುವವರ ಮೂಗು ಬಾಯಿಗಳಿಗೆ ರಕ್ಷಣೆ ಬೇಕು. ನೀರು ಚಿಮುಕಿಸಿಯೇ ಗುಡಿಸಬೇಕು. ಬಾವಲಿಯನ್ನು ಬರಿಗೈಯಲ್ಲಿ ಯಾರೂ ಮುಟ್ಟಬಾರದು. ಬಾವಲಿಗಳನ್ನು ಬಲ್ಲ ತಜ್ಞರನ್ನು ಕರೆಸಿ ಪ್ರಭೇದವನ್ನು ಗುರುತಿಸಬೇಕು. ಮರಿಗಳೆಲ್ಲ ಹಾರಲು ಕಲಿತ ಮೇಲೆ ಕಂಡಿಗೆ ಹೊರಗಿನಿಂದ ಬಲೆಯೊಂದನ್ನು ಮೇಲಂಚಿಗೆ ಮಾತ್ರ ಕಟ್ಟಿ ಇಳಿಬಿಡುವುದುಂಟು. ಒಳಗಿನ ಬಾವಲಿ ಬಲೆಯ ಕೆಳಗಿನಿಂದ ನುಸುಳಿ ಹೊರಬರುತ್ತದೆ, ಮರಳುವಾಗ ದಾರಿ ಕಾಣದೆ ಬೇರೆಡೆಗೆ ಹೋಗುತ್ತದೆ. ಆವರಣದ ಹಾಳು ಮಂಟಪವೊಂದನ್ನು ಅವಕ್ಕಾಗಿ ಮೊದಲೇ ಬಿಟ್ಟುಕೊಟ್ಟರೆ ಅವು ದೂರ ಅಲೆಯಬೇಕಾಗಿಲ್ಲ. ಹಲವು ಸಂಜೆಗಳಲ್ಲಿ ಕಂಡಿಯ ಮುಂದೆ ಕುಳಿತು ಒಂದೂ ಹೊರಬರುವುದಿಲ್ಲವೆಂದು ಕಂಡ ಬಳಿಕ, ಒಳಗೆ ದೀಪ ಹಿಡಿದು ಪ್ರತಿ ಸಂದನ್ನೂ ನೋಡಿ, ಆಮೇಲೆ ಗಾರೆ ಕಲಸಲು ಹೇಳಬೇಕು. ಇದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಪ್ರತಿಷ್ಠೆಯ ಮುಹೂರ್ತವನ್ನು ಮುಂದಿನ ವರ್ಷಕ್ಕೆ ನೋಡಿಸಬೇಕಾಗಬಹುದು.